ಅರ್ಧ ನೋಡಿದ ಸಿನಿಮಾ ಮತ್ತೆ ದುಡ್ಡು ಕೇಳಿದ್ದು ಯಾಕೆ?

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದಿಂದ ನಿವೃತ್ತ ಅಧ್ಯಾಪಿಕೆಯೊಬ್ಬರು ಬರೆದಿದ್ದಾರೆ:

"ಮನೆಯಲ್ಲಿ ನಾನೂ ನಮ್ಮ ಯಜಮಾನರೂ ಇಬ್ಬರೇ. ಮಗ ಶಾರ್ಜಾದಲ್ಲಿದ್ದಾನೆ. ಕನ್ನಡ ಸಿನಿಮಾ ನೋಡಬೇಕಾದರೆ ಪುತ್ತೂರಿಗೋ ಮಂಗಳೂರಿಗೋ ಹೋಗಬೇಕು. ಈ ಪ್ರಾಯದಲ್ಲಿ ಅದು ಆಗುವ ಕೆಲಸವಲ್ಲ. ಮೊನ್ನೆ ಫೋನಿನಲ್ಲೇ ಒಂದು ಚಿತ್ರಕ್ಕೆ ನೂರು ರೂಪಾಯಿ ಬಾಡಿಗೆ ಕೊಟ್ಟೆವು. ಅರ್ಧ ನೋಡುವಾಗ ಗಾಳಿಮಳೆಗೆ ಕರೆಂಟು ಹೋಯಿತು. ಎರಡು ದಿನ ಬರಲಿಲ್ಲ. ಮೂರನೆಯ ದಿನ ಒತ್ತಿದರೆ ಮತ್ತೆ ದುಡ್ಡು ಕೇಳುತ್ತದೆ! 30 ದಿನ ಎಂದು ಬರೆದದ್ದನ್ನು ನಾನೇ ಓದಿದ್ದೆ. ಇದು ಮೋಸ ಅಲ್ವಾ? ನಾವು ಕೇರಳದಲ್ಲಿ ಇರುವುದರಿಂದ ಹೀಗಾಗುತ್ತದೆಯೇ? ಇನ್ನೊಂದು ವಿಷಯ. ನಾನು ಕಲಿಸಿದ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಒಂದು ಒಳ್ಳೆಯ ಸಿನಿಮಾ ತೋರಿಸಬೇಕೆಂದು ಆಸೆ. ಹೀಗೆ ಬಾಡಿಗೆಗೆ ತೆಗೆದುಕೊಂಡು ತೋರಿಸಬಹುದೇ? ಸುಮ್ನೆ ದುಡ್ಡು ದಂಡ, ಟೆಲಿಗ್ರಾಂನಲ್ಲಿ ಲಿಂಕ್ ಕಳಿಸುತ್ತೇನೆ ಎನ್ನುತ್ತಾನೆ ತಂಗಿಯ ಮಗ. ಕಪಾಟಿನಲ್ಲಿ ಹಳೆಯ ಸಿನಿಮಾ ಸಿಡಿಗಳ ಒಂದು ರಾಶಿ ಉಂಟು. ಅವನ್ನು ಏನು ಮಾಡಲಿ?"

ಟೀಚರ್, ಮೊದಲು ನೂರು ರೂಪಾಯಿಯ ವಿಷಯ ಮುಗಿಸಿಬಿಡೋಣ. ನಿಮಗೆ ಮೋಸ ಆಗಿಲ್ಲ. ಅಲ್ಲಿ ಗಡಿಯಾರ ಎರಡಿದ್ದವು, ನೀವು ಒಂದನ್ನೇ ನೋಡಿದಿರಿ.

ದುಡ್ಡು ಕೊಟ್ಟ ಕೂಡಲೇ 30 ದಿನದ ಲೆಕ್ಕ ಶುರುವಾಗುತ್ತದೆ. ಆ 30 ದಿನದೊಳಗೆ ಯಾವತ್ತು ಬೇಕಾದರೂ ಸಿನಿಮಾ ಹಾಕಬಹುದು. ಆದರೆ ಒಮ್ಮೆ ಪ್ಲೇ ಒತ್ತಿದಿರೋ, ಎರಡನೆಯ ಗಡಿಯಾರ ಓಡತೊಡಗುತ್ತದೆ. ಅದು ಸಾಮಾನ್ಯವಾಗಿ 48 ಗಂಟೆಯದ್ದು. ಅಷ್ಟರೊಳಗೆ ಹತ್ತು ಸಲ ನೋಡಿದರೂ ಯಾರೂ ಕೇಳುವುದಿಲ್ಲ. 48 ಗಂಟೆ ದಾಟಿತೋ, ಮೊದಲ ಲೆಕ್ಕದಲ್ಲಿ ಇನ್ನೂ 27 ದಿನ ಉಳಿದಿದ್ದರೂ ಅದರಿಂದ ಪ್ರಯೋಜನ ಇಲ್ಲ. ಯೂಟ್ಯೂಬ್, ಪ್ರೈಮ್ ವಿಡಿಯೋ, ಆಪಲ್ ಟಿ.ವಿ., ಎಲ್ಲ ಕಡೆ ಹೆಚ್ಚುಕಡಿಮೆ ಇದೇ ಲೆಕ್ಕ. ಸಿನಿಮಾ ನಿಲ್ಲಿಸಿದರೆ ಗಡಿಯಾರವೂ ನಿಲ್ಲುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ನಿಲ್ಲುವುದಿಲ್ಲ. ನೀವು ಮಲಗಿದ್ದಾಗಲೂ ಓಡುತ್ತದೆ, ಕರೆಂಟು ಇಲ್ಲದಾಗಲೂ ಓಡುತ್ತದೆ.

ಇದು ನಿನ್ನೆ ಮೊನ್ನೆ ಬಂದ ನಿಯಮವಲ್ಲ. 2008ರ ಜನವರಿಯಲ್ಲಿ ಆಪಲ್ ಕಂಪೆನಿ ತನ್ನ ಆನ್‌ಲೈನ್ ಅಂಗಡಿ ಐಟ್ಯೂನ್ಸ್‌ನಲ್ಲಿ ಸಿನಿಮಾ ಬಾಡಿಗೆ ಶುರು ಮಾಡಿದಾಗಲೇ 30 ದಿನದ ಲೆಕ್ಕ ಇತ್ತು. ನೋಡಲು ಶುರು ಮಾಡಿದ ಮೇಲೆ ಆಗ ಸಿಗುತ್ತಿದ್ದದ್ದು ಬರೀ 24 ಗಂಟೆ. ಅದಕ್ಕೂ ಮೊದಲು, 2002ರಲ್ಲಿ, ಅಮೆರಿಕದ ಐದು ದೊಡ್ಡ ಸ್ಟುಡಿಯೋಗಳು ಸೇರಿ ಮೂವಿಲಿಂಕ್ ಎಂಬ ಸೇವೆ ತಂದಿದ್ದವು. ಅಲ್ಲಿಯೂ ಹೀಗೇ ಎರಡು ಗಡಿಯಾರ. ಅಂದಿನ ಇಂಟರ್‌ನೆಟ್‌ನಲ್ಲಿ ಒಂದು ಸಿನಿಮಾ ಇಳಿಯಲು ಗಂಟೆಗಟ್ಟಲೆ ಬೇಕಿತ್ತು. ಇಳಿದು ಮುಗಿಯುವಷ್ಟರಲ್ಲಿ ಬಾಡಿಗೆಯೂ ಮುಗಿದರೆ ಗಿರಾಕಿ ಸುಮ್ಮನಿರುತ್ತಾನಾ? ಹಾಗಾಗಿ ಇಳಿಸಿಕೊಳ್ಳಲು ಒಂದು ಅವಧಿ, ನೋಡಲು ಇನ್ನೊಂದು ಅವಧಿ ಎಂದು ಬೇರೆ ಮಾಡಿದ್ದು ಗಿರಾಕಿಗೂ ಅನುಕೂಲವೇ ಆಯಿತು. ನೋಡುವ ಗಂಟೆ ಹೆಚ್ಚಾದರೂ ಆ ಎರಡು ಅವಧಿಯ ಕ್ರಮವೇ ಇಂದಿಗೂ ಉಳಿದಿದೆ.

ಇದು ನನಗೆ ಬೇಗ ಅರ್ಥವಾದದ್ದು ನನ್ನ ಹಳೆಯ ಕಸುಬಿನಿಂದ. ಈಗ ನಾನು ಮನೆ ಮನೆಗೆ ಇಂಟರ್‌ನೆಟ್ ಎಳೆದು ಟಿ.ವಿ. ಜೋಡಿಸಿಕೊಡುವವನು. ಅದಕ್ಕೆ ಮುಂಚೆ ಕುಂಬಳೆಯಲ್ಲಿ ವಿಡಿಯೋ ಕ್ಯಾಸೆಟ್ ಬಾಡಿಗೆ ಅಂಗಡಿಯಲ್ಲಿ ಕೂತಿದ್ದೆ. ಮದುವೆ ಮುಗಿದ ಮನೆಗೆ ಟಿ.ವಿ., ವಿ.ಸಿ.ಆರ್., ಮೂರು ಕ್ಯಾಸೆಟ್ ಒಟ್ಟಿಗೇ ಒಂದು ರಾತ್ರಿಗೆ ಹೋಗುತ್ತಿತ್ತು. ಬಾಡಿಗೆ ರಾತ್ರಿಯ ಲೆಕ್ಕದಲ್ಲಿ. ಹಾಗಾಗಿ ಜನ ಬೆಳಗ್ಗಿನವರೆಗೂ ಕೂತು ಮೂರನ್ನೂ ನೋಡಿ ಮುಗಿಸುತ್ತಿದ್ದರು. ರಿವೈಂಡ್ ಮಾಡದೆ ತಂದರೆ ಎರಡು ರೂಪಾಯಿ ದಂಡ. ಆದರೆ "ರಾತ್ರಿ ಕರೆಂಟು ಇರಲಿಲ್ಲ ಮಾರಾಯಾ" ಎಂದರೆ ಇನ್ನೊಂದು ದಿನ ಇಟ್ಟುಕೊಳ್ಳಿ ಎನ್ನುತ್ತಿದ್ದೆ. ನಿಮ್ಮ ಫೋನಿಗೆ ಆ ದಾಕ್ಷಿಣ್ಯ ಇಲ್ಲ, ಅಷ್ಟೇ ವ್ಯತ್ಯಾಸ.

ಆದ್ದರಿಂದ ಮಳೆಗಾಲದಲ್ಲಿ ಬಾಡಿಗೆ ಸಿನಿಮಾ ನೋಡುವ ಕ್ರಮವೇ ಬೇರೆ. ಆಟಿಯ ಮಳೆಯಲ್ಲಿ ನಮ್ಮ ಕಡೆ ಕರೆಂಟನ್ನು ನಂಬಿ ಕೂರುವ ಹಾಗಿಲ್ಲ. ದುಡ್ಡು ಕೊಟ್ಟ ಕೂಡಲೇ ನೋಡಲು ಹೋಗಬೇಡಿ. ಮೊದಲು ಫೋನಿಗೋ ಟ್ಯಾಬ್‌ಗೋ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ. ಡೌನ್‌ಲೋಡ್ ಆಯಿತೆಂದು 48 ಗಂಟೆ ಶುರುವಾಗುವುದಿಲ್ಲ, ನೋಡಲು ತೊಡಗಿದಾಗ ಮಾತ್ರ. ಡೌನ್‌ಲೋಡ್ ಗುರುತು ಫೋನಿನ ಆ್ಯಪ್‌ನಲ್ಲಿ ಇರುತ್ತದೆ. ಟಿ.ವಿ.ಯಲ್ಲಿ ಹುಡುಕಿ ಪ್ರಯೋಜನ ಇಲ್ಲ. ಇಬ್ಬರಿಗೂ ಪುರುಸೊತ್ತಿರುವ ಸಂಜೆ ಫೋನಿಗೆ ಪೂರ್ತಿ ಚಾರ್ಜು ಮಾಡಿಕೊಂಡು ಆಮೇಲೆ ಪ್ಲೇ ಒತ್ತಿ. ಕರೆಂಟು ಹೋದರೂ ಸಿನಿಮಾ ನಿಲ್ಲುವುದಿಲ್ಲ. ಪರದೆ ಚಿಕ್ಕದು ಎಂದು ಯಜಮಾನರು ಗೊಣಗಬಹುದು. ಕಥೆ ಅರ್ಧಕ್ಕೆ ನಿಲ್ಲುವುದಕ್ಕಿಂತ ವಾಸಿ.

ಟಿ.ವಿ.ಯಲ್ಲೇ ನೋಡಬೇಕು ಎಂದಾದರೆ ಇನ್ವರ್ಟರ್ ಬೇಕು, ರೂಟರ್‌ಗೂ ಅದರಿಂದಲೇ ಕರೆಂಟು ಸಿಗಬೇಕು. ಇನ್ವರ್ಟರ್ ಇದ್ದವರೂ ರೂಟರ್ ಅನ್ನು ಬೇರೆ ಪ್ಲಗ್ಗಿಗೆ ಹಾಕಿ, ನೆಟ್ ಇಲ್ಲ ಎಂದು ನನಗೆ ಫೋನ್ ಮಾಡುತ್ತಾರೆ. ಫೈಬರ್ ಲೈನಿನಲ್ಲಿ ಒಂದು ಅನುಕೂಲ ಉಂಟು. ಕಂಬದ ಮೇಲಿನ ಫೈಬರ್ ಪೆಟ್ಟಿಗೆಗೆ ಸಾಮಾನ್ಯವಾಗಿ ಕರೆಂಟೇ ಬೇಡ, ಬೆಳಕನ್ನು ಹಂಚುವುದಷ್ಟೇ ಅದರ ಕೆಲಸ. ನಿಮ್ಮ ಮನೆಯ ಪೆಟ್ಟಿಗೆಗೂ ಆಪರೇಟರ್ ಕೋಣೆಗೂ ಬ್ಯಾಟರಿ ಇದ್ದರೆ ಊರೆಲ್ಲ ಕತ್ತಲಾದರೂ ನೆಟ್ ಬರುತ್ತದೆ. ರೂಟರ್‌ಗೆಂದೇ ಸಣ್ಣ ಯು.ಪಿ.ಎಸ್. ಸಿಗುತ್ತದೆ, ಅದೂ ಸಾಕು. ಮರ ಬಿದ್ದು ವಯರೇ ತುಂಡಾದರೆ ಮಾತ್ರ ನಾನು ಏಣಿ ಹಿಡಿದುಕೊಂಡು ಬರಬೇಕು.

ನೆಟ್ ಎಷ್ಟು ಬೇಕು ಎಂದು ಎಲ್ಲರೂ ಕೇಳುತ್ತಾರೆ. ಲೆಕ್ಕ ಸುಲಭ. ಚೆನ್ನಾಗಿ ಕಾಣುವ ಎಚ್‌.ಡಿ. ಚಿತ್ರಕ್ಕೆ 5 ಎಂ.ಬಿ.ಪಿ.ಎಸ್. ವೇಗ ಬೇಕು ಎಂದಿಟ್ಟುಕೊಳ್ಳಿ. ಗಂಟೆಗೆ ಸುಮಾರು 2.25 ಜಿ.ಬಿ. ಆಯಿತು. ಎರಡೂವರೆ ಗಂಟೆಯ ಸಿನಿಮಾಕ್ಕೆ ಐದೂವರೆ ಜಿ.ಬಿ.ಗಿಂತ ಸ್ವಲ್ಪ ಜಾಸ್ತಿ. ದಿನಕ್ಕೆ ಒಂದೂವರೆ ಜಿ.ಬಿ. ಕೊಡುವ ಮೊಬೈಲ್ ರೀಚಾರ್ಜಿನಲ್ಲಿ ಇದು ಮುಗಿಯುವ ಮಾತಲ್ಲ. ಇಂಟರ್‌ವಲ್‌ಗೆ ಮುಂಚೆಯೇ ಡೇಟಾ ಖಾಲಿ. ಮೊಬೈಲ್ ನೆಟ್ ಮಾತ್ರ ಇರುವವರು ಡೌನ್‌ಲೋಡ್‌ನ ಗುಣಮಟ್ಟವನ್ನು ಕಡಿಮೆ ಮಾಡಿಕೊಳ್ಳಬೇಕು. ಫೋನಿನ ಪರದೆಗೆ ಅದು ಧಾರಾಳ ಸಾಕು. ಮನೆಗೆ ಫೈಬರ್ ಇದ್ದರೆ ಈ ತಲೆಬಿಸಿಯೇ ಇಲ್ಲ. ಕೇರಳ ಸರಕಾರದ ಇಂಟರ್‌ನೆಟ್ ಸೇವೆ ಕೆ-ಫೋನ್ 2023ರ ಜೂನ್‌ನಲ್ಲಿ ಶುರುವಾದಾಗ ಅದರ ಸಣ್ಣ ಪ್ಲಾನೇ 20 ಎಂ.ಬಿ.ಪಿ.ಎಸ್. ವೇಗದ್ದು, ತಿಂಗಳಿಗೆ 299 ರೂಪಾಯಿ. ಆ ವೇಗ ಪೂರ್ತಿ ಸಿಕ್ಕಿದರೆ ಮೊದಲು ಹೇಳಿದ ಸಿನಿಮಾ ಮುಕ್ಕಾಲು ಗಂಟೆಯೊಳಗೆ ಇಳಿಯುತ್ತದೆ.

ಇಳಿದದ್ದು ನಿಮ್ಮ ಫೋನಿನಲ್ಲೇ ಇರುತ್ತದೆ. ಹಾಗಿದ್ದರೂ ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಅಕ್ಕನ ಮನೆಗೆ ಕೊಡಲು ಬರುವುದಿಲ್ಲ. ಪೆಟ್ಟಿಗೆ ನಿಮ್ಮ ಜಗಲಿಯಲ್ಲಿ, ಬೀಗದ ಕೈ ಬಾಡಿಗೆ ಕೊಟ್ಟ ಕಂಪೆನಿಯ ಹತ್ತಿರ. ಸಿನಿಮಾ ಫೈಲ್ ಬೀಗ ಹಾಕಿಯೇ ಬರುತ್ತದೆ. ತೆರೆಯುವ ಕೀಲಿ ಬೇರೆ ಬರುತ್ತದೆ, ಅದರಲ್ಲೇ ಅವಧಿ ಬರೆದಿರುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಈ ಬೀಗದ ಹೆಸರು ವೈಡ್‌ವೈನ್, ಗೂಗಲ್‌ನದ್ದು. ಅದರಲ್ಲಿ ಎಲ್1, ಎಲ್3 ಎಂಬ ದರ್ಜೆಗಳಿವೆ. ಎಲ್1 ಇರುವ ಫೋನಿಗೆ ಎಚ್‌.ಡಿ. ಚಿತ್ರ ಸಿಗುತ್ತದೆ. ಎಲ್3 ಮಾತ್ರ ಇದ್ದರೆ ಎಚ್‌.ಡಿ.ಗೆ ದುಡ್ಡು ಕೊಟ್ಟಿದ್ದರೂ ಬಹಳಷ್ಟು ಕಡೆ ಮಸುಕು ಚಿತ್ರವೇ ಗತಿ. ಕಡಿಮೆ ಬೆಲೆಯ ಕೆಲವು ಫೋನುಗಳ ಕಥೆ ಇದು. ಫೋನಿನಲ್ಲಿ ನೆಟ್‌ಫ್ಲಿಕ್ಸ್ ಆ್ಯಪ್ ಇದ್ದರೆ ಅದರ ಸೆಟ್ಟಿಂಗ್ಸ್ ಒಳಗೆ 'ಪ್ಲೇಬ್ಯಾಕ್ ಸ್ಪೆಸಿಫಿಕೇಶನ್' ಎಂಬಲ್ಲಿ ಯಾವ ದರ್ಜೆ ಎಂದು ಬರೆದಿರುತ್ತದೆ. ಎಲ್3 ಎಂದು ಕಂಡರೆ ಎಚ್‌.ಡಿ. ಬಾಡಿಗೆಗೆ ಜಾಸ್ತಿ ಕೊಡಬೇಡಿ. ಎಸ್‌.ಡಿ., ಅಂದರೆ ಸಾಧಾರಣ ಗುಣಮಟ್ಟದ ಬೆಲೆ ಕಡಿಮೆ ಇದ್ದರೆ ಅದನ್ನೇ ಒತ್ತಿ.

ಈಗ ಕೇರಳದ ಪ್ರಶ್ನೆ. 1956ರಲ್ಲಿ ಗಡಿ ಎಳೆದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ ಮೇಲೆ ನಮಗೆ ಯಾವುದು ಸಿಗದಿದ್ದರೂ ಮೊದಲ ಅನುಮಾನ ಅದರ ಮೇಲೆಯೇ ಹೋಗುತ್ತದೆ. ತಪ್ಪಲ್ಲ, ಅಭ್ಯಾಸ. ಆದರೆ ಇಲ್ಲಿ ಆ ಗಡಿಗೆ ಕೆಲಸ ಇಲ್ಲ. ಆನ್‌ಲೈನ್ ಹಕ್ಕುಗಳನ್ನು ಹಂಚುವುದು ದೇಶದ ಲೆಕ್ಕದಲ್ಲಿ. ಬೆಂಗಳೂರಿನವರಿಗೆ ಬಾಡಿಗೆಗೆ ಸಿಗುವ ಕನ್ನಡ ಸಿನಿಮಾ ಪೆರ್ಲದವರಿಗೂ ಅದೇ ಬೆಲೆಗೆ, ಅದೇ ದಿನ ಸಿಗುತ್ತದೆ. ಗಡಿಯ ತಲಪಾಡಿ ಗೇಟು ಥಿಯೇಟರ್‌ಗೆ ಹೋಗುವವರಿಗೆ ಮಾತ್ರ.

ಆದರೆ ಒಂದು ಗುಂಡಿ ಉಂಟು, ನಮ್ಮವರೇ ಜಾಸ್ತಿ ಬೀಳುವುದು. ಊರು ಕೇರಳದಲ್ಲಿ ಇರುವುದರಿಂದ ಆ್ಯಪ್ ತೆರೆದರೆ ಮಲಯಾಳ ಸಿನಿಮಾಗಳೇ ಮುಂದೆ ಬರುವುದು ಹೆಚ್ಚು. ದೊಡ್ಡ ಕನ್ನಡ ಚಿತ್ರಗಳಿಗೆ ಮಲಯಾಳ, ತಮಿಳು, ತೆಲುಗು, ಹಿಂದಿ ಡಬ್ಬಿಂಗ್ ಇರುತ್ತದೆ. ಕೆಲವು ಕಡೆ ಒಂದೇ ಸಿನಿಮಾದೊಳಗೆ ಭಾಷೆ ಬದಲಿಸಿಕೊಳ್ಳಬಹುದು. ಇನ್ನು ಕೆಲವು ಕಡೆ ಒಂದೊಂದು ಭಾಷೆಯದ್ದೂ ಬೇರೆ ಬೇರೆ ಬಾಡಿಗೆ. ಪೋಸ್ಟರ್ ಅದೇ, ನಾಯಕ ಅವನೇ. ದುಡ್ಡು ಕೊಟ್ಟು ಹಾಕಿದರೆ ನಾಯಕ ಮಲಯಾಳದಲ್ಲಿ ಬೈಯುತ್ತಾನೆ! ನಮಗೆ ಮಲಯಾಳವೂ ಬರುತ್ತದೆ, ಆ ಮಾತು ಬೇರೆ. ಆದರೂ ದುಡ್ಡು ಕೊಟ್ಟದ್ದು ಅದಕ್ಕಲ್ಲವಲ್ಲ. ಬೆಲೆ ಒತ್ತುವ ಮುಂಚೆ ವಿವರ ತೆರೆದು 'ಆಡಿಯೋ' ಎಂಬಲ್ಲಿ ಕನ್ನಡ ಇದೆಯೋ ನೋಡಿ. ಟ್ರೇಲರ್ ಹತ್ತು ಸೆಕೆಂಡ್ ಕೇಳಿ. ಹುಡುಕುವಾಗ ಸಿನಿಮಾದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಪಕ್ಕದಲ್ಲಿ ಕನ್ನಡ ಎಂದು ಸೇರಿಸಿದರೆ ಬೇಗ ಸಿಗುತ್ತದೆ. ತಪ್ಪು ಭಾಷೆಯದ್ದನ್ನು ಒತ್ತಿಬಿಟ್ಟರೆ ಪ್ಲೇ ಮಾಡಲೇಬೇಡಿ. ನೋಡದ ಸಿನಿಮಾಕ್ಕೆ ದುಡ್ಡು ವಾಪಸು ಕೇಳಲು ದಾರಿ ಇರುತ್ತದೆ. ನೋಡಲು ಶುರು ಮಾಡಿದ ಮೇಲೆ ಕಷ್ಟ.

ರಾಜ್ಯದ ಗಡಿಯನ್ನು ಗಣಿಸದ ಈ ಸೇವೆಗಳು ದೇಶದ ಗಡಿಯ ವಿಷಯದಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ಇದನ್ನು ಹೇಳಿದ್ದು ನಿಮ್ಮ ಮಗ ಶಾರ್ಜಾದಲ್ಲಿ ಇರುವುದರಿಂದ. ನಮ್ಮ ಕಡೆ ಗಲ್ಫ್‌ನಿಂದ ರಜೆಗೆ ಬಂದ ಮಕ್ಕಳು ದೊಡ್ಡ ಟಿ.ವಿ. ತಂದು, ತಮ್ಮದೇ ಖಾತೆ ಹಾಕಿಕೊಟ್ಟು ಹೋಗುತ್ತಾರೆ. ಆಮೇಲೆ ಇಲ್ಲಿ ಅಪ್ಪ ಅಮ್ಮ ಬಾಡಿಗೆ ಒತ್ತಿದರೆ ಕಾರ್ಡು ಅಲ್ಲಿನದ್ದು, ಎಷ್ಟೋ ಸಲ ಕೆಲಸ ಮಾಡುವುದಿಲ್ಲ. ಮಗ ಅಲ್ಲಿಂದಲೇ ಬಾಡಿಗೆ ಕೊಟ್ಟರೂ, ಆ ದೇಶದ ಹಕ್ಕಿನಲ್ಲಿ ತೆಗೆದ ಸಿನಿಮಾ ಇಲ್ಲಿ ಓಡುತ್ತದೆ ಎಂಬ ಖಾತ್ರಿ ಇಲ್ಲ. ಅಲ್ಲಿ ಕೊಂಡ ಗೂಗಲ್ ಪ್ಲೇ ಗಿಫ್ಟ್ ಕಾರ್ಡು ಇಲ್ಲಿನ ಖಾತೆಗೆ ಹಿಡಿಯುವುದಿಲ್ಲ. ಗೂಗಲ್ ಪ್ಲೇ ಖಾತೆಯ ದೇಶ ಬದಲಿಸಬಹುದು, ಆದರೆ ವರ್ಷಕ್ಕೆ ಒಂದೇ ಸಲ. ಇಷ್ಟೆಲ್ಲ ಯಾಕೆ? ನಿಮ್ಮ ಸ್ವಂತ ಖಾತೆ ಮಾಡಿ ಫೋನಿಗೂ ಟಿ.ವಿ.ಗೂ ಅದನ್ನೇ ಹಾಕಿಕೊಳ್ಳಿ. ಫೋನಿನಲ್ಲಿ ಯು.ಪಿ.ಐ.ನಿಂದ ಬಾಡಿಗೆ ಕೊಡಿ, ಅದೇ ಖಾತೆಯಿಂದ ಟಿ.ವಿ.ಯಲ್ಲಿ ತೆರೆದರೆ ಸಿನಿಮಾ ಅಲ್ಲೇ ಕಾಯುತ್ತಿರುತ್ತದೆ. ಮಗ ದುಡ್ಡು ಕಳಿಸಲಿ, ಪಾಸ್‌ವರ್ಡ್ ಬೇಡ.

ಬಾಡಿಗೆಯೋ ಚಂದಾವೋ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಿಂಗಳಿಗೆ ಒಂದೋ ಎರಡೋ ಸಿನಿಮಾ ನೋಡುವ ಇಬ್ಬರ ಮನೆಗೆ ಬಾಡಿಗೆಯೇ ಸರಿ ಎಂಬುದು ನನ್ನ ಅಭಿಪ್ರಾಯ. ಚಂದಾ ಕೊಟ್ಟ ಮನೆಗಳಲ್ಲಿ ನಾನು ಕಂಡದ್ದು ಏನೆಂದರೆ, ಸಿನಿಮಾ ನೋಡುವುದಕ್ಕಿಂತ ಯಾವುದು ನೋಡುವುದು ಎಂದು ರಿಮೋಟ್ ಒತ್ತುವುದೇ ಜಾಸ್ತಿ. ಬಾಡಿಗೆಯ ಇನ್ನೊಂದು ಲಾಭ, ದುಡ್ಡು ಒಂದು ಸಲ ಹೋದರೆ ಮುಗಿಯಿತು. ಚಂದಾದಲ್ಲಿ ದುಡ್ಡು ತಾನಾಗಿ ಹೋಗುವ ಆಟೋಪೇಗೆ ಒಪ್ಪಿಗೆ ಕೊಟ್ಟಿರುತ್ತೀರಿ, ನೀವು ಮರೆತರೂ ಅದು ಮರೆಯುವುದಿಲ್ಲ. ಯು.ಪಿ.ಐ. ಆ್ಯಪ್‌ನಲ್ಲಿ 'ಆಟೋಪೇ' ಎಂಬ ಜಾಗ ತೆರೆದು ಒಮ್ಮೆ ನೋಡಿ. ಎಂದೋ ಉಚಿತ ಎಂದು ಒತ್ತಿದ್ದು ಅಲ್ಲಿ ಕೂತಿರಬಹುದು.

ಪ್ರೈಮ್ ವಿಡಿಯೋ 2022ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಬಾಡಿಗೆ ಕೊಡುತ್ತಿದೆ. ಅದಕ್ಕೆ ಪ್ರೈಮ್ ಸದಸ್ಯತ್ವ ಬೇಡ, ಬರೀ ಅಮೆಜಾನ್ ಖಾತೆ ಸಾಕು. ಇದು ಬಹಳ ಜನರಿಗೆ ಗೊತ್ತಿಲ್ಲ. ಸದಸ್ಯರಾದವರಿಗೂ ಕೆಲವು ಸಿನಿಮಾ ಬಾಡಿಗೆಯೇ ಆಗಿರುತ್ತದೆ, ಆಗ ಅವರಿಗೆ ಸಿಟ್ಟು ಬರುತ್ತದೆ. ಆ ವರ್ಷದ ಮೇ ತಿಂಗಳಲ್ಲಿ ಕೆ.ಜಿ.ಎಫ್. ಎರಡನೆಯ ಭಾಗವನ್ನು ಸದಸ್ಯರಿಗೆ ಬಿಡುವ ಮುಂಚೆ 199 ರೂಪಾಯಿ ಬಾಡಿಗೆಗೆ ಬಿಟ್ಟಿದ್ದರು. ಕೆಲವು ವಾರ ಕಾದಿದ್ದರೆ ಸದಸ್ಯರಿಗೆ ಅದು ಚಂದಾದಲ್ಲೇ ಸಿಗುತ್ತಿತ್ತು. ಹೊಸ ಚಿತ್ರದ ಬಾಡಿಗೆ ಹೆಚ್ಚಿದ್ದರೆ ಸ್ವಲ್ಪ ತಾಳ್ಮೆ ಇರಲಿ. 'ಕೊಳ್ಳಿ' ಎಂಬ ಬಟನ್‌ನ ಆಸೆಯೂ ಬೇಡ. ಕೊಂಡರೂ ಸಿಗುವುದು ನೋಡುವ ಅನುಮತಿಯೇ, ಆ ಸೇವೆ ಇರುವಷ್ಟು ಕಾಲ.

ಕೇರಳದಲ್ಲಿ ಇರುವುದರಿಂದ ಒಂದು ಲಾಭ ಹೇಳಲೇ? ರಾಜ್ಯದ ಚಲನಚಿತ್ರ ಅಭಿವೃದ್ಧಿ ನಿಗಮದ ಸಿ-ಸ್ಪೇಸ್ ಎಂಬ ಆನ್‌ಲೈನ್ ಸಿನಿಮಾ ವೇದಿಕೆ 2024ರ ಮಾರ್ಚ್ 7ರಂದು ಶುರುವಾಯಿತು. ಚಂದಾ ಇಲ್ಲ, ನೋಡಿದ ಸಿನಿಮಾಕ್ಕೆ ಮಾತ್ರ ದುಡ್ಡು. ಪೂರ್ಣ ಚಿತ್ರಕ್ಕೆ 75 ರೂಪಾಯಿ ಎಂದು ಇಟ್ಟರು, ಅರ್ಧ ಪಾಲು ಚಿತ್ರ ಮಾಡಿದವರಿಗೆ. ಅಲ್ಲಿರುವುದು ಹೆಚ್ಚಾಗಿ ಮಲಯಾಳದ್ದು, ಪ್ರಶಸ್ತಿ ಬಂದ ಒಳ್ಳೆಯ ಚಿತ್ರಗಳು. ಕನ್ನಡ ಚಿತ್ರಗಳಿಗೆ ಇಂಥದ್ದೊಂದು ವೇದಿಕೆ ಮಾಡುವುದಾಗಿ ಕರ್ನಾಟಕ ಸರಕಾರವೂ 2025ರ ಬಜೆಟ್‌ನಲ್ಲಿ ಹೇಳಿತ್ತು. ಕನ್ನಡದ ಸಣ್ಣ ಚಿತ್ರಗಳು ಥಿಯೇಟರ್‌ನಲ್ಲಿ ಒಂದು ವಾರ ನಿಂತು ಆಮೇಲೆ ಎಲ್ಲೂ ಕಾಣದೆ ಹೋಗುತ್ತವೆ. ಅದು ಬಂದರೆ ಮೊದಲು ಲಾಗಿನ್ ಆಗುವವರಲ್ಲಿ ನಾನೂ ಒಬ್ಬ.

ಇನ್ನು ಶಾಲೆಯ ವಿಷಯ. ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು, ಇಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ.

ಒಂದು ಕಾನೂನು. 1957ರ ಕಾಪಿರೈಟ್ ಕಾಯ್ದೆಯ 52ನೆಯ ಸೆಕ್ಷನ್ ಶಾಲೆಗಳಿಗೆ ಒಂದು ರಿಯಾಯಿತಿ ಕೊಟ್ಟಿದೆ. ಶಾಲೆಯ ಚಟುವಟಿಕೆಯಾಗಿ ಸಿನಿಮಾ ತೋರಿಸಬಹುದು. ನೋಡುವವರು ಮಕ್ಕಳು, ಅಧ್ಯಾಪಕರು, ಮಕ್ಕಳ ತಂದೆ ತಾಯಿ ಅಥವಾ ಪೋಷಕರು, ಶಾಲೆಯ ಕೆಲಸಕ್ಕೆ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಮೈದಾನದಲ್ಲಿ ಪರದೆ ಕಟ್ಟಿ ಊರಿಗೆಲ್ಲ ಮೈಕಿನಲ್ಲಿ ಕರೆದರೆ ಈ ರಿಯಾಯಿತಿ ಅಲ್ಲಿಗೇ ಮುಗಿಯಿತು. ಯುವಕ ಮಂಡಲಕ್ಕೆ, ಭಜನಾ ಮಂದಿರಕ್ಕೆ ಸಿನಿಮಾದ ಮಟ್ಟಿಗೆ ಈ ಸೌಲಭ್ಯ ಇಲ್ಲ.

ಇನ್ನೊಂದು ಒಪ್ಪಂದ. ಬಾಡಿಗೆ ಒತ್ತುವಾಗ ಯಾರೂ ಓದದೆ ಒಪ್ಪಿಕೊಳ್ಳುವ ಷರತ್ತುಗಳು ಇರುತ್ತವಲ್ಲ, ಅದರಲ್ಲಿ ಇದು ಮನೆಯವರು ಖಾಸಗಿಯಾಗಿ ನೋಡಲು ಮಾತ್ರ ಎಂದಿರುತ್ತದೆ. ಅಂದರೆ ಕಾಯ್ದೆ ಬಿಟ್ಟರೂ ನೀವು ಒಪ್ಪಿಕೊಂಡ ಷರತ್ತು ಬಿಡುವುದಿಲ್ಲ. ಆದ್ದರಿಂದ ನಿಮ್ಮ ಸ್ವಂತ ಖಾತೆಯ ನೂರು ರೂಪಾಯಿ ಬಾಡಿಗೆಯಲ್ಲಿ ಶಾಲೆಯ ಪ್ರದರ್ಶನ ಮಾಡಿ ಎಂದು ನಾನು ಹೇಳುವುದಿಲ್ಲ. ಶಾಲೆಯ ಲೆಟರ್‌ಹೆಡ್‌ನಲ್ಲಿ ನಿರ್ಮಾಪಕರಿಗೋ ನಿರ್ದೇಶಕರಿಗೋ ಒಂದು ಪತ್ರ ಬರೆಯಿರಿ. ಎಷ್ಟು ಮಕ್ಕಳು, ಯಾವ ದಿನ, ಟಿಕೆಟ್ ಇಲ್ಲ ಎಂದು ಸ್ಪಷ್ಟವಾಗಿ ಇರಲಿ. ಕಾಸರಗೋಡಿನ ಕನ್ನಡ ಶಾಲೆ ಎಂದು ಬರೆಯಲು ಮರೆಯಬೇಡಿ. ಕನ್ನಡ ಚಿತ್ರರಂಗಕ್ಕೆ ಈ ಮೂರು ಪದ ಚೆನ್ನಾಗಿ ಗೊತ್ತು, 2018ರಲ್ಲಿ ಇದನ್ನೇ ಕಥೆ ಮಾಡಿ ತೆಗೆದ ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಒಪ್ಪಿದರೆ ಅವರೇ ತೋರಿಸಲು ಪ್ರತಿ ಕೊಡಬಹುದು.

ಪ್ರತಿ ಅವರಿಂದಲೇ ಪಡೆಯಿರಿ ಎನ್ನಲು ಇನ್ನೊಂದು ಕಾರಣವೂ ಉಂಟು. ಕೆಲವು ವರ್ಷದ ಹಿಂದೆ ಒಂದು ಕಡೆ ನಾನೇ ಪ್ರೊಜೆಕ್ಟರ್ ಜೋಡಿಸಲು ಹೋಗಿದ್ದೆ. ಲ್ಯಾಪ್‌ಟಾಪಿನಲ್ಲಿ ಬಾಡಿಗೆ ಸಿನಿಮಾ, ಪ್ರೊಜೆಕ್ಟರ್ ಹಳೆಯ ವಿ.ಜಿ.ಎ. ಪಿನ್ನಿನದ್ದು, ನಡುವೆ ಒಂದು ಕನ್ವರ್ಟರ್. ಸಿನಿಮಾ ಹಾಕಿದೆ. ಮಾತು ಕೇಳುತ್ತದೆ, ಹಾಡು ಕೇಳುತ್ತದೆ, ಪರದೆ ಮಾತ್ರ ಕಪ್ಪು. ಎಂಬತ್ತು ಮಕ್ಕಳು ಕತ್ತಲಲ್ಲಿ ಕೂತು ರೇಡಿಯೋ ಕೇಳಿದ ಹಾಗೆ ಆಯಿತು. ಮರ್ಯಾದೆ ಹೋಯಿತು! ಕಾರಣ ಮತ್ತೆ ಬೀಗವೇ. ಎಚ್‌.ಡಿ.ಎಂ.ಐ. ವಯರಿನಲ್ಲಿ ಚಿತ್ರ ಹೋಗುವಾಗ ಆಚೆ ತುದಿಯ ಯಂತ್ರ ನಂಬುವಂಥದ್ದೋ ಎಂದು ಲ್ಯಾಪ್‌ಟಾಪು ಕೇಳುತ್ತದೆ. ಎಚ್‌.ಡಿ.ಸಿ.ಪಿ. ಎಂದು ಅದರ ಹೆಸರು, ಇಂಟೆಲ್ ಕಂಪೆನಿ ಮಾಡಿದ್ದು. ವಿ.ಜಿ.ಎ. ಪ್ರೊಜೆಕ್ಟರ್‌ಗೆ ಅದಕ್ಕೆ ಉತ್ತರ ಕೊಡಲು ಬರುವುದಿಲ್ಲ. ಉತ್ತರ ಬಾರದಿದ್ದರೆ ಚಿತ್ರವೂ ಇಲ್ಲ. ಫೋನಿನ ಪರದೆಯನ್ನು ಟಿ.ವಿ.ಗೆ ಮಿರರ್ ಮಾಡಿದಾಗ ಕಪ್ಪಾಗುವುದಕ್ಕೂ, ಬಾಡಿಗೆ ಸಿನಿಮಾದ ಸ್ಕ್ರೀನ್‌ಶಾಟ್ ಕಪ್ಪಗೆ ಬರುವುದಕ್ಕೂ ಕಾರಣ ಇದೇ ಬಗೆಯ ಬೀಗ. ಮನೆಯಲ್ಲಿ ಮಿರರ್ ಬೇಡ, ಆ್ಯಪ್‌ನೊಳಗಿನ ಕಾಸ್ಟ್ ಗುರುತು ಒತ್ತಿ. ಆಗ ಟಿ.ವಿ. ತಾನೇ ನೆಟ್‌ನಿಂದ ಸಿನಿಮಾ ಎಳೆದುಕೊಳ್ಳುತ್ತದೆ.

ಮಕ್ಕಳಿಗೆ ಆರಿಸುವಾಗ ಸೆನ್ಸಾರ್ ಸರ್ಟಿಫಿಕೇಟ್ ನೋಡಿ. 2024ರ ಹೊಸ ನಿಯಮದ ಮೇಲೆ ಯು.ಎ. ಎಂಬುದು 7+, 13+, 16+ ಎಂದು ಮೂರಾಗಿದೆ. ಎಲ್‌.ಪಿ., ಅಂದರೆ ಸಣ್ಣ ತರಗತಿಯ ಮಕ್ಕಳೂ ಕೂರುವುದಾದರೆ ಬರೀ 'ಯು' ಇರುವುದನ್ನೇ ತೆಗೆದುಕೊಳ್ಳಿ.

ತಂಗಿಯ ಮಗನ ಟೆಲಿಗ್ರಾಂ ಲಿಂಕ್ ಬೇಡ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆ ತಿದ್ದಿದ ಮೇಲೆ ಸಿನಿಮಾ ಕದ್ದು ರೆಕಾರ್ಡ್ ಮಾಡುವುದಕ್ಕೂ ಹರಡುವುದಕ್ಕೂ 3 ತಿಂಗಳಿಂದ 3 ವರ್ಷದವರೆಗೆ ಜೈಲು, ಕಡಿಮೆ ಎಂದರೂ 3 ಲಕ್ಷ ರೂಪಾಯಿ ದಂಡ. ಮೇಲೆ ಹೋದರೆ ಚಿತ್ರದ ಒಟ್ಟು ಖರ್ಚಿನ ಶೇಕಡಾ 5ರ ತನಕ ದಂಡ ಹಾಕಬಹುದು. ಅದು ಕದಿಯುವವರ ತಲೆನೋವು, ನನಗೇನು ಎಂದು ಅವನು ಹೇಳಬಹುದು. ನನಗೆ ಹೆದರಿಕೆ ನಿಮ್ಮ ಪೆನ್ಶನ್ ಖಾತೆಯದ್ದು. ಆ ಲಿಂಕ್‌ಗಳಲ್ಲಿ ಎಷ್ಟೋ ಸಲ ಸಿನಿಮಾದ ಬದಲು ಎ.ಪಿ.ಕೆ. ಎಂಬ, ಫೋನಿಗೆ ಆ್ಯಪ್ ಹಾಕುವ ಫೈಲ್ ಇಳಿಯುತ್ತದೆ. ಪ್ಲೇಯರ್ ಹಾಕಿಕೊಳ್ಳಿ ಎನ್ನುತ್ತದೆ, ಎಸ್‌.ಎಂ.ಎಸ್. ಓದಲು ಅನುಮತಿ ಕೇಳುತ್ತದೆ. ಕೊಟ್ಟರೆ ನಿಮ್ಮ ಬ್ಯಾಂಕಿನ ಒ.ಟಿ.ಪಿ. ಅವರೂ ಓದುತ್ತಾರೆ. ಸಿನಿಮಾ ತೋರಿಸಲು ಎಸ್‌.ಎಂ.ಎಸ್. ಯಾಕೆ ಬೇಕು ಎಂದು ಅವನನ್ನೇ ಕೇಳಿ ನೋಡಿ. ಈಗಾಗಲೇ ಏನಾದರೂ ಒತ್ತಿ ಖಾತೆಯಿಂದ ದುಡ್ಡು ಹೋಗಿದ್ದರೆ ನಾಳೆಗೆ ಇಡಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.

ಉಳಿದದ್ದು ಸಿಡಿ ರಾಶಿ. ಬಿಸಾಡಬೇಡಿ. ಹಕ್ಕು ಯಾರದ್ದು ಎಂದು ತೀರ್ಮಾನವಾಗದೆ ಎಷ್ಟೋ ಹಳೆಯ ಕನ್ನಡ ಚಿತ್ರಗಳು ಇಂದಿಗೂ ಯಾವ ಆ್ಯಪ್‌ಗೂ ಬಂದಿಲ್ಲ. ನಿಮ್ಮ ಕಪಾಟಿನಲ್ಲಿ ಅಂಥವೂ ಇರಬಹುದು. ಒಂದು ವಿ.ಸಿ.ಡಿ., ಅಂದರೆ ಸಿನಿಮಾ ಸಿಡಿಯಲ್ಲಿ ಹಿಡಿಯುವುದು ಒಂದೂಕಾಲು ಗಂಟೆಯಷ್ಟು ಚಿತ್ರ, ಹಾಗಾಗಿ ಸಿನಿಮಾ ಎರಡು ಮೂರು ತಟ್ಟೆಯಲ್ಲಿ ಇರುತ್ತದೆ. ಮೊದಲು ಜೊತೆ ಸರಿಯಾಗಿ ಇದೆಯೋ ನೋಡಿ. ನಮ್ಮ ಮಳೆಗಾಲದ ತೇವಕ್ಕೆ ಮೇಲೆ ಬಿಳಿ ಬೂಸಲು ಬಂದಿದ್ದರೆ ಮೆತ್ತನೆಯ ಒಣ ಹತ್ತಿಬಟ್ಟೆಯಲ್ಲಿ ಒರೆಸಿ. ತಟ್ಟೆ ಒರೆಸುವ ಹಾಗೆ ಸುತ್ತು ತಿರುಗಿಸಿ ಒರೆಸಬೇಡಿ, ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರ ಎಳೆಯಿರಿ. ಪ್ಲೇಯರ್ ಹಾಳಾಗಿದ್ದರೆ ಯು.ಎಸ್‌.ಬಿ.ಗೆ ಸಿಕ್ಕಿಸುವ ಡಿ.ವಿ.ಡಿ. ಡ್ರೈವ್ ಒಂದು ತೆಗೆದುಕೊಳ್ಳಿ, ಲ್ಯಾಪ್‌ಟಾಪಿನಲ್ಲಿ ವಿ.ಎಲ್‌.ಸಿ. ಎಂಬ ಪ್ಲೇಯರ್ ಹಾಕಿದರೆ ಓಡುತ್ತದೆ. ಅದಕ್ಕೆ 48 ಗಂಟೆಯ ಲೆಕ್ಕ ಇಲ್ಲ.